ಇಂಚರಳನ್ನು ಬಿಡಲು ಮನೆ ಹುಡುಕಿದ ವರ್ಷ

ಹೋದ ಆಷಾಢದಲ್ಲಿ, ನಮ್ಮ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ವೆಂಕಟೇಶಪ್ಪನವರ ನಿವೃತ್ತಿಯ ಊಟಕ್ಕೆಂದು ಕೆಜಿಎಫ್‌ಗೆ ಹೋಗಿದ್ದೆ. ಬಂಗಾರಪೇಟೆಯಲ್ಲಿ ರೈಲಿಳಿದು, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತದ್ದಷ್ಟೇ ನೆನಪು. ನಿದ್ದೆ ಹತ್ತಿಬಿಟ್ಟಿತ್ತು. ಎಚ್ಚರವಾದದ್ದು ಹಲ್ಲಿನ ಸಂದಿಯಲ್ಲಿ ಏನೋ ಕರಕರ ಎಂದಾಗ. ಊರು ಬಂತೆಂದು ಕಣ್ಣು ಬಿಡುವ ಮೊದಲೇ ಗೊತ್ತಾಯಿತು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ, ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಅಲ್ಲಿ ಹಾಗೇ ಬಿದ್ದಿವೆ. ಸೈನೈಡ್ ದಿಬ್ಬ ಅನ್ನುತ್ತಾರೆ ಊರಿನವರು. ಆಷಾಢದ ಗಾಳಿ ಎದ್ದಿತೆಂದರೆ ಆ ಪುಡಿ ಊರ ಮೇಲೆ ಹಾರುತ್ತದೆ. ತಲೆಗೂದಲಿಗೆ, ಒಣಹಾಕಿದ ಬಟ್ಟೆಗೆ, ತೆರೆದಿಟ್ಟ ಅನ್ನಕ್ಕೆ, ಎಲ್ಲದಕ್ಕೂ ಬಂದು ಕೂರುತ್ತದೆ. ನಾನು ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ ಕಿಟಕಿಯಾಚೆ ಉಗುಳಿದೆ. ಮಗಳನ್ನು ಬಿಡಲು ಮನೆ ಹುಡುಕಿದ ಆ ವರ್ಷದ ಆಯಾಸವೆಲ್ಲ ಮೈಗೆ ವಾಪಸು ಬಂದಂತಾಯಿತು.

ನಾನು ಹಾವೇರಿ ಕಡೆಯವಳು. ಕೆಜಿಎಫ್‌ನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಆಗ ನನ್ನ ಕೆಲಸ. ದೊಡ್ಡ ಯಂತ್ರಗಳಿಗೆ ಹೋಗುವ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ವಾಪಸು ಕಳಿಸುವುದು. ಕುಂದು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ಎಂದು ನನ್ನ ಗಂಡ ಬಸವರಾಜ್ ಹಾಸ್ಯ ಮಾಡುತ್ತಿದ್ದರು. ಅವರು ಬಂಗಾರಪೇಟೆಯ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಹೊರಟರೆ ಸಂಜೆಯವರೆಗೂ ಅವರದು ಆ ಊರೇ. ಮಗಳು ಇಂಚರ ಹುಟ್ಟಿದ ಮೇಲೆ ಇದ್ದಬದ್ದ ರಜೆಗಳನ್ನೆಲ್ಲ ಜೋಡಿಸಿ ಮನೆಯಲ್ಲಿ ಉಳಿದಿದ್ದೆ. ಮಾಘದ ಹೊತ್ತಿಗೆ ರಜೆಯೂ ಮುಗಿಯಿತು, ಮೇಲಿನವರ ತಾಳ್ಮೆಯೂ ಮುಗಿಯಿತು. ಅವ್ವ ಬಂದಿರಲಿ ಎಂದರೆ ಅಲ್ಲಿ ಅಣ್ಣನ ಹೆಂಡತಿಯ ಬಾಣಂತನ. ಅತ್ತೆಯವರಿಗೆ ಮಂಡಿನೋವು. ಫೋನಿನಲ್ಲಿ ಬುದ್ಧಿ ಹೇಳುವಷ್ಟು ಮಾತ್ರ ಗಟ್ಟಿಯಾಗಿದ್ದರು.

ಹಾಗಾಗಿ ಮಗುವನ್ನು ಹಗಲು ನೋಡಿಕೊಳ್ಳುವ ಮನೆ ಹುಡುಕಲು ಹೊರಟೆವು. ಬಸವರಾಜ್ ಸ್ಕೂಟರ್ ಓಡಿಸುವುದು, ನಾನು ಮಗುವನ್ನು ಎದೆಗೆ ಕಟ್ಟಿಕೊಂಡು ಹಿಂದೆ ಕೂರುವುದು. ಒಂದು ಮನೆಯಲ್ಲಿ ಗೋಡೆಯ ತುಂಬ ಬಣ್ಣದ ಆನೆ, ಮೊಲ. ಒಳಗೆ ಟಿವಿ ಮುಂದೆ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು, ನಾವು ಬಂದದ್ದಕ್ಕೆ ಒಂದೂ ತಿರುಗಿ ನೋಡಲಿಲ್ಲ. ಇನ್ನೊಂದು ಮನೆಯ ಹೆಂಗಸು ಮಗುವಿನ ಹೆಸರು ಕೇಳುವ ಮೊದಲು ನಮ್ಮ ಜಾತಿ ಕೇಳಿದರು. ಮತ್ತೊಬ್ಬರು, "ಹೇಳಿ ಕೂತ್ಕೊಳ್ಳತ್ತಾ ಪಾಪು, ಒಂದಕ್ಕೆ ಎರಡಕ್ಕೆ?" ಅಂದರು. ಇನ್ನೂ ಸರಿಯಾಗಿ ಅಂಬೆಗಾಲಿಡದ ಮಗು ಅದು. ಬಸವರಾಜ್ ಮುಖ ತಿರುಗಿಸಿಕೊಂಡು ನಕ್ಕರು. ನನಗೆ ನಗುವಷ್ಟು ನಿದ್ದೆಯಾಗಿರಲಿಲ್ಲ.

ಕೊನೆಗೆ ಎರಡು ಮನೆ ಉಳಿದವು. ಒಂದು, ಹಿಂದೆ ಗಣಿ ಕೆಲಸದವರಿಗೆಂದು ಕಟ್ಟಿದ ಲೈನ್ ಮನೆಗಳ ಸಾಲಿನಲ್ಲಿದ್ದ ಸೆಲ್ವಿಯ ಮನೆ. ಸೆಲ್ವಿ ತಮಿಳಿನವಳು, ಕನ್ನಡವನ್ನೂ ಸಲೀಸಾಗಿ ಆಡುತ್ತಿದ್ದಳು. ಮನೆ ಚೊಕ್ಕಟ. ಆದರೆ ಕಿಟಕಿಯೇ ಇಲ್ಲ. ಹಿಂಗೋಡೆ ಪೂರ್ತಿ ಕಲ್ಲು, ಬೆಳಕೆಂದರೆ ಮುಂಬಾಗಿಲಿಂದ ಬಂದಷ್ಟು. ಹಟ್ಟಹಗಲಲ್ಲಿ ಬಲ್ಬು ಉರಿಯುತ್ತಿತ್ತು. "ಒಳಗೆ ಬನ್ನಿ ಮೇಡಂ, ಕತ್ಲೆ ಅಂತ ಬಾಗ್ಲಲ್ಲೇ ನಿಂತ್ಕೋಬೇಡಿ," ಎಂದಳು ಸೆಲ್ವಿ. ಮಗುವನ್ನು ನೋಡಿ, "ವಾ ಕಣ್ಣು, ವಾ," ಎಂದು ಕೈ ಚಾಚಿದಳು. ನಾನು ನೀರು ಕುಡಿದು, ಹೇಳಿ ಕಳಿಸುತ್ತೇವೆಂದು ಎದ್ದು ಬಂದೆ.

ಇನ್ನೊಂದು ಆಂಡರ್ಸನ್‌ಪೇಟೆಯ ಅಂಚಿನಲ್ಲಿದ್ದ ಮುನಿಯಮ್ಮನ ಮನೆ. ಮುನಿಯಮ್ಮ ಕ್ಯಾಸಂಬಳ್ಳಿ ಕಡೆಯವಳು, ತೆಲುಗು ಬೆರೆತ ಮಾತು, ಐವತ್ತರ ಆಸುಪಾಸು. ಗಂಡ ನಾರಾಯಣಪ್ಪ ಆಟೋ ಓಡಿಸುತ್ತಿದ್ದ. ಅವಳು ಬಹುಕಾಲ ಟೊಮ್ಯಾಟೊ ತೋಟಗಳಿಗೆ ಕೂಲಿಗೆ ಹೋಗಿ, ಬಗ್ಗಿ ಬಗ್ಗಿ ಸೊಂಟ ಹೋಗಿ, ಈಗ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಒಂದೇ ಸಲಕ್ಕೆ ಒಂದೇ ಮಗು, ಎರಡು ಬೇಡ ಎನ್ನುವುದು ಅವಳ ಕರಾರು. ಆ ಮನೆಯ ನಡುಕೋಣೆಗೆ ಪಶ್ಚಿಮಕ್ಕೆ ಒಂದು ದೊಡ್ಡ ಕಿಟಕಿ. ಅದರಲ್ಲಿ ಬಯಲು, ಮೇಯುವ ಮೇಕೆಗಳು, ದೂರದಲ್ಲಿ ಮಟ್ಟಸವಾಗಿ ಮಲಗಿದ ದಿಬ್ಬ, ಅದರ ಮೇಲೆ ಆಕಾಶ. ಮಾಘದ ತಂಪುಗಾಳಿ ಮನೆಯ ಆಚೆ ಬದಿಯ ಬಾಗಿಲಿನಿಂದ ಬಂದು ಆ ಕಿಟಕಿಯಲ್ಲಿ ಹೊರಗೆ ಹೋಗುತ್ತಿತ್ತು. ನಾನು ಮೂಲೆ, ತೊಟ್ಟಿಲು, ನೀರಿನ ಕೊಡ, ಎಲ್ಲವನ್ನೂ ನೋಡಿದೆ. ವಾಪಸು ಕಳಿಸುವಂಥದ್ದು ಏನೂ ಸಿಗಲಿಲ್ಲ.

"ಏನು ಮೇಡಮ್ಮ, ಅಂಗೆ ನೋಡ್ತಾ ಇದೀಯ? ಮಗೀನ ಕೊಡಿಲ್ಲಿ," ಎಂದು ಮುನಿಯಮ್ಮ ಇಂಚರಳನ್ನು ಎತ್ತಿಕೊಂಡು ಸೀದಾ ಕಿಟಕಿಗೆ ಹೋದಳು. "ನೋಡು ನಾ ತಲ್ಲಿ, ಮ್ಯಾಕೆ ನೋಡು. ಅಗೋ, ನಿನ್ನೇ ಕೂಗ್ತೈತೆ."

ಇಂಚರ ಮೇಕೆಗಳನ್ನು ನೋಡಿ ಕಿಲಕಿಲ ನಕ್ಕಳು. ಅಲ್ಲಿಗೆ ತೀರ್ಮಾನವಾಯಿತು.

ಮೊದಲ ದಿನಗಳ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಎಲ್ಲ ತಾಯಂದಿರ ಹಾಗೆ ನಾನೂ ಅತ್ತೆ. ಅಳೆಯುವ ಗೇಜು ಹಿಡಿದು ನಿಂತಲ್ಲೇ ಹಾಲು ಇಳಿದು ರವಿಕೆ ಒದ್ದೆಯಾಗುತ್ತಿತ್ತು, ಮೇಲೆ ಕೋಟು ಹಾಕಿಕೊಂಡು ಮುಚ್ಚಿಕೊಳ್ಳುತ್ತಿದ್ದೆ. ಸಂಜೆ ಸೈರನ್ ಆದದ್ದೇ ಓಡುತ್ತಿದ್ದೆ. ಮನೆಗೆ ಬಂದು ಅಡಿಗೆ, ಬಟ್ಟೆ, ಮಗು. ಬಸವರಾಜ್ ಪಾತ್ರೆ ತೊಳೆಯುತ್ತಲೇ ತೂಕಡಿಸುತ್ತಿದ್ದರು. ನಮ್ಮಿಬ್ಬರ ನಡುವೆ ಆಗ ಉಳಿದಿದ್ದ ಮಾತೆಂದರೆ, ಹಾಲು ಕಾಸಿದ್ರಾ, ಬಾಗಿಲು ಹಾಕಿದ್ಯಾ, ಅಷ್ಟೇ.

ಆದರೆ ಮಗು ಮಾತ್ರ ನಳನಳಿಸಿತು. ನಮ್ಮ ಮನೆಯಲ್ಲಿ ಬಾಯಿ ಬಿಗಿದುಕೊಂಡು ಕೂರುವವಳು ಅಲ್ಲಿ ಕಿಟಕಿಯಲ್ಲಿ ಕೂತು ಬಟ್ಟಲು ತುಂಬ ರಾಗಿ ಸರಿ ತಿನ್ನುತ್ತಿದ್ದಳು. ಮುನಿಯಮ್ಮ ಒಂದು ತುತ್ತಿಗೆ ಒಂದು ಮೇಕೆ ತೋರಿಸುವಳು. ಮೇಕೆ ಇಲ್ಲದ ದಿನ ನಾರಾಯಣಪ್ಪ ಆಟೋ ತಂದು ಕಿಟಕಿಯ ಕೆಳಗೆ ನಿಲ್ಲಿಸಿ ಹಾರನ್ ಒತ್ತುತ್ತಿದ್ದನಂತೆ. ಯುಗಾದಿಯ ಹೊತ್ತಿಗೆ ಇಂಚರ, ನಾನು ಕರೆದುಕೊಳ್ಳಲು ಹೋದರೆ ಮುನಿಯಮ್ಮನ ಕುತ್ತಿಗೆಗೆ ಜೋತು ಬೀಳತೊಡಗಿದಳು. ನನಗೆ ಹೊಟ್ಟೆ ಉರಿಯಿತು. ಇವಳು ನನ್ನ ಮಗಳೋ ಅವಳ ಮಗಳೋ ಎಂದು ದಾರಿಯುದ್ದಕ್ಕೂ ಸಿಡಿಮಿಡಿ. ಮರುದಿನ ಬೆಳಿಗ್ಗೆ ಅದೇ ಮುನಿಯಮ್ಮನ ಕೈಗೆ ಮಗುವನ್ನು ಕೊಡುವಾಗ, ಉಸಿರು ಹಗುರಾಗುತ್ತಿತ್ತು. ಎರಡೂ ನಿಜವೇ.

ಆಷಾಢ ಬಂತು. ಮೊದಲ ವಾರ ದಿಬ್ಬದ ಕಡೆಯಿಂದ ಬರೀ ಬಿರುಗಾಳಿ, ಮಳೆಯ ಸುಳಿವಿಲ್ಲ. ಒಂದು ಸಂಜೆ ಹೋದರೆ ಮುನಿಯಮ್ಮನ ಮನೆಯ ನೆಲ ಕೆನೆ ಬಣ್ಣಕ್ಕೆ ತಿರುಗಿತ್ತು. ಮಗುವಿನ ರೆಪ್ಪೆಯ ಮೇಲೂ ಅದೇ ಬಣ್ಣ. ಮುನಿಯಮ್ಮ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಲೇ ಇದ್ದಳು. ಅವಳು ಒರೆಸಿ ಆಚೆ ತುದಿ ಮುಟ್ಟುವಷ್ಟರಲ್ಲಿ ಈಚೆ ತುದಿಗೆ ಧೂಳು ಬಿದ್ದಿರುತ್ತಿತ್ತು.

"ಆಷಾಡ ಅಲ್ವಾ," ಎಂದಳು, ಮಳೆಗಾಲದಲ್ಲಿ ಕೆಸರಿರುತ್ತದೆ ಎನ್ನುವಷ್ಟು ಸಹಜವಾಗಿ.

ಆಮೇಲೆ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಕೆಮ್ಮಿ ಕೆಮ್ಮಿ ಕುಡಿದ ಹಾಲೆಲ್ಲ ಹೊರಕ್ಕೆ. ಔಷಧಿ ಹಾಕಿದರೂ ಜಗ್ಗಲಿಲ್ಲ. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಹಗಲು ಎಲ್ಲಿರುತ್ತದೆ ಮಗು ಎಂದು ಕೇಳಿದರು. ಹೇಳಿದೆ. ಕೆಲವು ದಿನ ಅಲ್ಲಿಗೆ ಬಿಡದೆ ನೋಡಿ ಎಂದರು. ನಾನು ರಜೆ ಹಾಕಿ ನಮ್ಮ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲೇ ಇಟ್ಟುಕೊಂಡೆ. ಅಲ್ಲಿಗೆ ದಿಬ್ಬದ ಗಾಳಿ ಅಷ್ಟು ತಾಗದು. ಕೆಮ್ಮು ತಗ್ಗಿತು. ವಾಪಸು ಮುನಿಯಮ್ಮನ ಹತ್ತಿರ ಬಿಟ್ಟೆ, ಸಂಜೆಗೇ ಕೆಮ್ಮು ಮರಳಿತು.

ಇನ್‌ಸ್ಪೆಕ್ಷನ್ ಮೇಜಿನ ಎದುರು ಕೂರುತ್ತಿದ್ದ ವೆಂಕಟೇಶಪ್ಪನವರ ಮುಂದೆ ಹೇಳಿಕೊಂಡೆ. ಅವರು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವರು.

"ಮನೆ ಯಾವ ತಿಂಗಳಾಗೆ ನೋಡುದ್ರಿ ಮೇಡಂ?" ಎಂದು ಕೇಳಿದರು.

"ಮಾಘದಲ್ಲಿ. ಯಾಕೆ?"

"ಅಯ್ಯೋ ಶಿವ್ನೆ. ಈ ದಿಬ್ಬದ ಕಡೆ ಆಷಾಡದಾಗೆ ಬಂದು ನೋಡ್ಬೇಕು ಮೇಡಂ ಮನೇನ. ಬಾಡಿಗೆ ಇಡಿಯೋದಾದ್ರೂ ಅಷ್ಟೇ, ಎಣ್ಣು ಕೊಡೋದಾದ್ರೂ ಅಷ್ಟೇ. ಬ್ಯಾರೆ ಶುಭಕಾರ್ಯ ಯಾವ್ದೂ ಆಗಲ್ಲ ಆ ತಿಂಗಳು, ಮನೆ ನೋಡಾದೊಂದು ಬಿಟ್ಟು. ನಮ್ಮಕ್ಕನ್ನ ಕೊಡೋಕೆ ಮುಂಚೆ ನಮ್ಮಪ್ಪ ಗಾಳಿ ಒಡೀತಿದ್ದಾಗ್ಲೇ ಓಗಿ, ಅವ್ರ ಮನೇಲಿ ಒಂದೊತ್ತು ಉಂಡು ಬಂದಿದ್ರು. ಅನ್ನ ಕರಕರ ಅನ್ನಲಿಲ್ಲ ಅಂದ್ಮೇಲೇನೆ ಊ ಅಂದಿದ್ದು."

"ಮತ್ತೆ ನನಗ್ಯಾರೂ ಹೇಳಲಿಲ್ಲವಲ್ಲ ಸರ್?"

"ಇದೂ ಗೊತ್ತಿರಲ್ಲ ಅಂತ ಯಾರು ಅನ್ಕಂತಾರೆ ಮೇಡಂ? ನೀವು ಕೇಳ್ಲೂ ಇಲ್ಲ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ. ಹೊರಗಿನಿಂದ ಬಂದ ನಮ್ಮಂಥವರು ಮಾಡಬಹುದಾದ ತಪ್ಪು ಅದು. ಬೆಳಕು, ಗಾಳಿ, ಕಿಟಕಿ ಎಂದು ಹಂಬಲಿಸಿ, ಗಾಳಿ ತಿರುಗುತ್ತದೆ ಎನ್ನುವುದನ್ನು ಯೋಚಿಸಿರಲಿಲ್ಲ. ಸೆಲ್ವಿಯ ಮನೆಗೆ ದಿಬ್ಬದ ಕಡೆ ಇದ್ದದ್ದು ಆ ಕಲ್ಲಿನ ಹಿಂಗೋಡೆ.

ಅವತ್ತೇ ಸಂಜೆ ಸೆಲ್ವಿಯನ್ನು ಕಂಡು ಮಾತಾಡಿದೆ. ಅವಳು ಒಪ್ಪಿದಳು. ಆದರೆ ಮುನಿಯಮ್ಮನಿಗೆ ಹೇಳಬೇಕಲ್ಲ. ರಾತ್ರಿ ಬಸವರಾಜ್ ಹತ್ತಿರ, "ನೀವಾ ಹೇಳ್ರಿ," ಎಂದೆ. "ನಾ ಹೇಳಿದ್ರ ಗಂಡಸು ಬಂದು ಲೆಕ್ಕ ಚುಕ್ತಾ ಮಾಡಿದಂಗ ಆಕ್ಕೈತಿ. ನೀ ಹೋಗು," ಎಂದರು. ಸರಿಯಾದ ಮಾತೇ.

ಬೆಳಿಗ್ಗೆ ಮಗುವನ್ನೆತ್ತಿಕೊಂಡು ಹೋಗಿ ಹೊಸ್ತಿಲಲ್ಲಿ ನಿಂತೆ. ಬಾಯಿ ತೆರೆಯುವ ಮೊದಲೇ ಮುನಿಯಮ್ಮ, "ಎಲ್ಲಿ ಬಿಡ್ತೀಯ ಇನ್ನು?" ಎಂದಳು. ಸೆಲ್ವಿಯ ಹೆಸರು ಹೇಳಿದೆ. ಸೆರಗಿನ ತುದಿಯಲ್ಲಿ ಇಂಚರಳ ಮೂಗು ಒರೆಸಿದಳು. "ಒಳ್ಳೆ ಎಂಗಸು. ಅಲ್ಲಿ ಧೂಳು ಬರಲ್ಲ," ಎಂದು ತಾನೂ ಹೊರಟಳು. ಸೆಲ್ವಿಯ ಮನೆಯವರೆಗೂ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಡೆದಳು. ರಾಗಿ ಸರಿಗೆ ಬೆಲ್ಲ ಎಷ್ಟು, ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ, ಉಗುರು ಕತ್ತರಿಸುವಾಗ ಎಷ್ಟು ರಂಪ, ಎಲ್ಲವನ್ನೂ ಸೆಲ್ವಿಗೆ ಒಪ್ಪಿಸಿದಳು. ಸೆಲ್ವಿ ತಲೆ ಆಡಿಸುತ್ತ ಕೇಳಿದಳು. ಅಲ್ಲಿ ಇನ್ನೆರಡು ಮಕ್ಕಳಿದ್ದವು, ಕೋಳಿಯೊಂದು ಒಳಗೇ ಓಡಾಡಿಕೊಂಡಿತ್ತು. ಇಂಚರ ಇಳಿದು, ತೂರಾಡುತ್ತ ಕೋಳಿಯ ಹಿಂದೆ ಹೋದವಳು ಮುನಿಯಮ್ಮ ಎದ್ದು ಬಂದದ್ದನ್ನೂ ಗಮನಿಸಲಿಲ್ಲ.

"ಅಳಲಿಲ್ಲ ನೋಡು. ಅದೇ ಒಳ್ಳೇದಾಯ್ತು," ಎಂದಳು ಮುನಿಯಮ್ಮ ದಾರಿಯಲ್ಲಿ. ನನಗೆ ಕಾರ್ಖಾನೆಗೆ ಹೊತ್ತಾಗಿತ್ತು.

ಇದಾಗಿ ಒಂದು ವಾರವೋ ಹತ್ತು ದಿನವೋ ಆಗಿರಬೇಕು. ನಾರಾಯಣಪ್ಪ ಕಾರ್ಖಾನೆಯ ಗೇಟಿನ ಹತ್ತಿರ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. "ಒಸಿ ಮನೆಗಂಟ ಬಂದೋಗ್ಬೇಕಂತೆ ಮೇಡಮ್ಮ, ಅವಳು ಏಳಿದ್ಳು," ಎಂದ. ಹೋದೆ. ಒಳಗೆ ಕಾಲಿಟ್ಟರೆ ಕತ್ತಲು. ಆ ದೊಡ್ಡ ಕಿಟಕಿಗೆ ಹಲಗೆ ಹೊಡೆದು, ಸಂದಿಗೆಲ್ಲ ಸಗಣಿ ಮಣ್ಣು ಮೆತ್ತಿ, ಅದರ ಮೇಲೆ ಒದ್ದೆ ಸೀರೆ ಇಳಿಬಿಟ್ಟಿದ್ದಳು. ಬಾಗಿಲಿಗೂ ಒದ್ದೆ ಸೀರೆ.

"ಈಗ ಒಂದು ಚೂರೂ ಬರಲ್ಲ ನೋಡು ಮೇಡಮ್ಮ. ನೆಲ ಮುಟ್ಟಿ ನೋಡು," ಎಂದಳು.

ನೆಲ ಚೆನ್ನಾಗಿಯೇ ಇತ್ತು. ಆದರೆ ಸೂರಿನ ಹಂಚಿನ ಸಂದಿಯಿಂದ ಇಳಿಯುತ್ತಿದ್ದ ಒಂದು ಬಿಸಿಲಕೋಲಿನಲ್ಲಿ ಧೂಳು ನಿಧಾನವಾಗಿ ಸುತ್ತುತ್ತಿತ್ತು. ಅವಳೂ ಅದನ್ನೇ ನೋಡುತ್ತಿದ್ದಳು. ಬೇಡ ಎನ್ನುವ ಮಾತು ನನ್ನಿಂದ ಹೊರಡಲೂ ಇಲ್ಲ, ಅವಳು ಹೊರಡಿಸಲೂ ಇಲ್ಲ.

"ಓಗ್ಲಿ ಬಿಡು," ಎಂದಳು. "ಗಾಳಿ ನಿಲ್ಲೋಗಂಟ ಮಗೀನ ಈ ಕಡೆ ಕರ್ಕಂಡು ಬರ್ಬ್ಯಾಡ. ನಿಂತ್ಮೇಲೆ ಒಂದ್ಸಲ ತೋರ್ಸು, ಸಾಕು."

ಮತ್ತೆ ಅವಳು ಟೊಮ್ಯಾಟೊ ಕೂಲಿಗೆ ಹೋಗುತ್ತಿದ್ದಾಳೆಂದು ಶ್ರಾವಣದಲ್ಲಿ ನಾರಾಯಣಪ್ಪನಿಂದ ತಿಳಿಯಿತು. ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಹೋಗುತ್ತಾಳಂತೆ. ನಾನು ಕೇಳಿಸಿಕೊಂಡೆ, ಅಷ್ಟೇ ಮಾಡಲು ಸಾಧ್ಯವಿದ್ದದ್ದು. ಇಂಚರ ಸೆಲ್ವಿಯ ಕತ್ತಲ ಮನೆಯಲ್ಲಿ ಕೆಮ್ಮು ಮರೆತು, ತಮಿಳು ಕನ್ನಡ ಬೆರೆಸಿ ತೊದಲತೊಡಗಿದ್ದಳು. ನನ್ನ ರಾತ್ರಿಗಳು ಒಂದಿಷ್ಟು ಹಗುರಾದವು. ನಿದ್ದೆ ಮಾಡಿದೆ. ಮುನಿಯಮ್ಮನ ನೆನಪಾದರೆ ಸಂಕಟವಾಗುತ್ತಿತ್ತು, ಆದರೂ ನಿದ್ದೆ ಮಾಡಿದೆ.

ಕಾರ್ತಿಕದಲ್ಲಿ ಗಾಳಿ ತಿರುಗಿ ಊರು ತೊಳೆದಂತಾಯಿತು. ಒಂದು ಭಾನುವಾರ ಇಂಚರಳನ್ನು ಕರೆದುಕೊಂಡು ಹೋದೆ. ಹಲಗೆ ಕಿತ್ತು ಕಿಟಕಿ ತೆರೆದಿದ್ದರು. ಕೋಣೆಯ ತುಂಬ ಬೆಳಕು. "ಬಂದ್ಯಾ ನಾ ತಲ್ಲಿ!" ಎಂದು ಮುನಿಯಮ್ಮ ಎರಡೂ ಕೈ ಚಾಚಿದಳು. ಇಂಚರ ನನ್ನ ಕಾಲಿನ ಹಿಂದೆ ಅವಿತು, ಸೀರೆಯಲ್ಲಿ ಮುಖ ಹುದುಗಿಸಿದಳು. ಎಷ್ಟು ರಮಿಸಿದರೂ ಈಚೆ ಬರಲಿಲ್ಲ.

"ಗುರುತು ಸಿಗ್ಲಿಲ್ಲ ಅದ್ಕೆ," ಎಂದಳು ಮುನಿಯಮ್ಮ. ಚಾಚಿದ ಕೈಯನ್ನು ಮಡಿಲಿಗೆ ಇಳಿಸಿಕೊಂಡಳು. "ನಿನ್ತಾವ್ಲೇ ಓಡೋಯ್ತು ನೋಡು. ಅಂಗೇ ಇರ್ಬೇಕು ಕಣಮ್ಮ."

ಯುಗಾದಿಯಲ್ಲಿ ನಾನು ಹಂಬಲಿಸಿದ್ದು ಇದನ್ನೇ. ಸಿಕ್ಕಾಗ ಸಂತೋಷವಾಗಲಿಲ್ಲ.

ಕಾಫಿ ಕುಡಿದು ಏಳುವ ಹೊತ್ತಿಗೆ ಅವಳು ಮಾತು ತೆಗೆದಳು. ನಮ್ಮ ಕಾರ್ಖಾನೆಗೆ ಹೊಸದಾಗಿ ಬಂದ ಬೆಳಗಾವಿ ಕಡೆಯ ಹುಡುಗಿಯೊಬ್ಬಳು, ಶ್ವೇತಾ ಅಂತ, ಕೈಗೂಸನ್ನೆತ್ತಿಕೊಂಡು ಮನೆ ನೋಡಿ ಹೋಗಿದ್ದಾಳೆ. ಕಿಟಕಿ ನೋಡಿ ಆಸೆಪಟ್ಟಿದ್ದಾಳೆ.

"ಧೂಳಿನ ವಿಷಯ ಹೇಳಿದೆಯಾ?" ಎಂದೆ.

ಮುನಿಯಮ್ಮ ಲೋಟ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. "ಬಾಯಿ ಬರ್ಲಿಲ್ಲ ಮೇಡಮ್ಮ. ಏಳುದ್ರೆ ಮಗೀನ ಬಿಡಲ್ಲ. ಏಳ್ದಿದ್ರೆ ಅದೂ ಇಂಗೇ ಕೆಮ್ತದೆ. ನೀನೇ ಏಳ್ಬಿಡು. ನೀನೇನೇಳುದ್ರೂ ನಂಗೆ ಬೇಜಾರಿಲ್ಲ."

ಮರುದಿನ ಕ್ಯಾಂಟೀನಿನಲ್ಲಿ ಶ್ವೇತಾಳನ್ನು ಹುಡುಕಿದೆ. ಕಣ್ಣ ಕೆಳಗೆ ಕಪ್ಪು, ದುಪಟ್ಟದ ಮೇಲೆ ಹಾಲಿನ ಕಲೆ. ತಟ್ಟೆಯಲ್ಲಿ ಅನ್ನ ತಣ್ಣಗಾಗಿತ್ತು. ಪರಿಚಯ ಹೇಳಿಕೊಂಡೆ. ನನ್ನ ಮಾತಿನ ಧಾಟಿ ಕೇಳಿದ್ದೇ ಅವಳ ಮುಖ ಅರಳಿತು.

"ಅಕ್ಕಾರ, ನಿಮ್ಮ ಮಗಳು ಅಲ್ಲೇ ಇದ್ಲಂತಲ್ರೀ. ಆ ಮನಿ ಹೆಂಗೈತ್ರೀ?"

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನೊಂದು ಮಾತು ಹೇಳಿದರೆ ಒಂದು ಮಗು ಕೆಮ್ಮುವುದು ತಪ್ಪುತ್ತಿತ್ತು, ಅದೇ ಮಾತಿಗೆ ಮುನಿಯಮ್ಮ ಮತ್ತೆ ತೋಟದಲ್ಲಿ ಬಗ್ಗಬೇಕಾಗುತ್ತಿತ್ತು.

"ಆಷಾಢದ ತನಕ ಅದಕ್ಕಿಂತ ಚಲೋ ಮನಿ ಈ ಊರಾಗ ಸಿಗಂಗಿಲ್ಲ," ಎಂದೆ. ಆಮೇಲೆ ದಿಬ್ಬದ ಬಗ್ಗೆ, ಗಾಳಿಯ ಬಗ್ಗೆ, ಕೆಮ್ಮಿನ ಬಗ್ಗೆ ಎಲ್ಲ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಸೆಲ್ವಿಯ ಹತ್ತಿರ ಈಗ ಜಾಗವಿಲ್ಲವೆಂದೂ ಹೇಳಿದೆ, ಅದೂ ನಿಜವೇ ಆಗಿತ್ತು.

ಶ್ವೇತಾ ಹಣೆ ಒತ್ತಿಕೊಂಡಳು. "ಆಷಾಢಕ್ಕ ಇನ್ನೂ ಭಾಳ ದಿನ ಐತಲ್ರೀ ಅಕ್ಕಾರ. ಆವಾಗ ನೋಡ್ತೀನ್ರೀ. ಸದ್ಯಕ್ಕ ನನಗ ಒಂದು ಕೈ ಬೇಕಾಗೇತಿ," ಎಂದಳು.

ಸಂಜೆ ಇಂಚರಳನ್ನು ಕರೆದುಕೊಳ್ಳುವ ಮೊದಲು ಆಂಡರ್ಸನ್‌ಪೇಟೆಗೆ ಹೋದೆ. ಮುನಿಯಮ್ಮ ಆಗಷ್ಟೇ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಎಲ್ಲಾ ಹೇಳಿದೀನಿ. ಆದ್ರೂ ಬಿಡ್ತಾಳಂತೆ," ಎಂದೆ.

ಚೊಂಬು ಹಿಡಿದ ಕೈ ಅಲ್ಲೇ ನಿಂತಿತು. "ಎಲ್ಲಿಗಂಟ?"

"ಆಷಾಢದವರೆಗೂ."

ಮುನಿಯಮ್ಮ ಮನಸ್ಸಿನಲ್ಲೇ ತಿಂಗಳು ಎಣಿಸಿದಳು.

"ಆಗ್ಲಿ," ಎಂದಳು. "ಅಷ್ಟೊತ್ಗೆ ಮಗು ನಡಿಯಾದು ಕಲ್ತಿರ್ತದೆ."